ಅಮೆರಿಕದ ಪ್ರಜೆಯೂ ಅವನ ಸರಕಾರವೂ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಮೂಲೆಯಲ್ಲಿ ವರ್ಮಾಂಟ್ ಎಂಬುದೊಂದು ಪುಟ್ಟ ರಾಜ್ಯ. ಗುಡ್ಡಗಾಡು, ಮೇಪಲ್ ಮರಗಳ ತೋಪು, ಹೈನುಗಾರರ ಹಳ್ಳಿಗಳು, ಇವೇ ಅದರ ಸಂಪತ್ತು. ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲನೆಯ ಮಂಗಳವಾರ, ನೆಲದ ಮೇಲಣ ಹಿಮ ಇನ್ನೂ ಕರಗದಿರುವಾಗಲೇ, ಅಲ್ಲಿಯ ಹಳ್ಳಿಗಳ ಜನ ತಮ್ಮ ತಮ್ಮ ಊರಿನ ಪುರಭವನದಲ್ಲಿಯೋ ಶಾಲೆಯ ವ್ಯಾಯಾಮ ಮಂದಿರದಲ್ಲಿಯೋ ಬಂದು ಸೇರುತ್ತಾರೆ. ಇದಕ್ಕೆ ಅವರು ‘ಟೌನ್ ಮೀಟಿಂಗ್’ ಎನ್ನುತ್ತಾರೆ. ನಾವು ಊರ ಸಭೆ ಎನ್ನಬಹುದು. ಊರಿನ ಮತದಾರರೆಲ್ಲರೂ ಅದರ ಸದಸ್ಯರು. ತಾವೇ ಆರಿಸಿದ ಒಬ್ಬ ಅಧ್ಯಕ್ಷನನ್ನು ಪೀಠದಲ್ಲಿ ಕೂರಿಸಿ, ಊರಿನ ಆಯವ್ಯಯವನ್ನು ಬಾಬು ಬಾಬಾಗಿ ಚರ್ಚಿಸುತ್ತಾರೆ. ಹಿಮವನ್ನು ತಳ್ಳುವ ಹಳೆಯ ಯಂತ್ರವನ್ನು ದುರಸ್ತಿ ಮಾಡಿಸಬೇಕೇ, ಹೊಸದನ್ನು ಕೊಳ್ಳಬೇಕೇ? ಪುಸ್ತಕಾಲಯಕ್ಕೆ ಎಷ್ಟು ಹಣ ಕೊಡಬೇಕು? ಹೊಳೆಯ ಮೇಲಣ ಸೇತುವೆ ಈ ವರ್ಷ ತಾಳೀತೇ? ಬೆಳಗಿನ ಹಾಲು ಕರೆದು ಬಂದ ರೈತನು ಎದ್ದು ನಿಂತು ರಸ್ತೆಯ ಮೇಲ್ವಿಚಾರಕನನ್ನು ನೇರವಾಗಿ ಪ್ರಶ್ನಿಸುತ್ತಾನೆ. ಉತ್ತರ ಕೊಡಬೇಕಾದವನು ಬಹುಮಟ್ಟಿಗೆ ಅವನ ನೆರೆಮನೆಯವನೇ ಆಗಿರುತ್ತಾನೆ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡುವ ರೂಢಿ ಅನೇಕ ಊರುಗಳಲ್ಲಿದೆ. ಸಂಜೆಯ ಹೊತ್ತಿಗೆ ಆ ವರ್ಷ ತಾವು ತೆರಬೇಕಾದ ತೆರಿಗೆ ಎಷ್ಟೆಂಬುದನ್ನು ತಾವೇ ಕೈಯೆತ್ತಿ ತೀರ್ಮಾನಿಸಿ ಮನೆಗೆ ಹೋಗುತ್ತಾರೆ.

ಇತ್ತೀಚೆಗೆ ಹಲವು ಊರುಗಳು ಬಹಿರಂಗ ಚರ್ಚೆಯನ್ನು ಬಿಟ್ಟು ಗುಪ್ತ ಮತದಾನಕ್ಕೆ ತಿರುಗಿವೆ. ಸಭೆಗೆ ಬರುವವರ ಸಂಖ್ಯೆಯೂ ತಗ್ಗಿದೆ. ಆದರೂ ಅಮೆರಿಕದ ಪ್ರಜೆಯು ತನ್ನ ಮನಸ್ಸಿನಲ್ಲಿ ಪ್ರಜಾಪ್ರಭುತ್ವದ ಚಿತ್ರವೊಂದನ್ನು ಬರೆದುಕೊಂಡರೆ ಅದು ಇಂದಿಗೂ ಈ ಊರ ಸಭೆಯದೇ ಆಗಿರುತ್ತದೆ. ಇಲ್ಲಿ ಅವನಿಗೆ ಸರಕಾರವೆಂಬುದು ಪರಕೀಯ ವಸ್ತುವಲ್ಲ. ಇದೇ ಮನುಷ್ಯನನ್ನು ವಾಷಿಂಗ್ಟನ್ ನಗರದಲ್ಲಿರುವ ಕೇಂದ್ರ ಸರಕಾರದ ವಿಷಯವಾಗಿ ಕೇಳಿ ನೋಡಿದರೆ ಧ್ವನಿಯೇ ಬೇರೆಯಾಗುತ್ತದೆ. ಅಲ್ಲಿರುವವರು ದುಂದುಗಾರರು, ತನ್ನ ಕಷ್ಟವರಿಯದವರು, ಕಣ್ಣಿಟ್ಟು ಕಾಯದಿದ್ದರೆ ತನ್ನ ಸ್ವಾತಂತ್ರ್ಯಕ್ಕೇ ಕೈಹಾಕುವವರು. ಹತ್ತಿರದ ಆಡಳಿತದಲ್ಲಿ ವಿಶ್ವಾಸ, ದೂರದ ಆಡಳಿತದಲ್ಲಿ ಸಂಶಯ: ಈ ಎರಡೂ ಒಂದೇ ಎದೆಯಲ್ಲಿ ಹೇಗೆ ನೆಲೆಸಿದುವು, ಅದರಿಂದ ಆ ದೇಶಕ್ಕೆ ಏನಾಯಿತು ಎಂಬುದು ವಿಚಾರ ಮಾಡತಕ್ಕ ವಿಷಯ.

1620ರಲ್ಲಿ ‘ಮೇಫ್ಲವರ್’ ಎಂಬ ಹಡಗು ನೂರಕ್ಕೆ ಸ್ವಲ್ಪ ಮೇಲ್ಪಟ್ಟ ಪ್ರಯಾಣಿಕರನ್ನು ಹೊತ್ತು ಇಂಗ್ಲೆಂಡಿನಿಂದ ಬಂದು ಅಟ್ಲಾಂಟಿಕ್ ಸಾಗರದ ಪಶ್ಚಿಮ ತೀರವನ್ನು ಮುಟ್ಟಿತು. ದಡಕ್ಕೆ ಇಳಿದು ನೆಲಸುವ ಮೊದಲೇ ಅವರಲ್ಲಿ 41 ಮಂದಿ ಗಂಡಸರು ಒಂದು ಒಪ್ಪಂದಕ್ಕೆ ಸಹಿ ಹಾಕಿದರು: ತಾವೆಲ್ಲ ಒಂದು ಸಮಾಜವಾಗಿ ಕೂಡಿಕೊಂಡು, ಬೇಕಾದ ಕಾನೂನುಗಳನ್ನು ಮಾಡಿಕೊಂಡು, ಅವುಗಳಿಗೆ ವಿಧೇಯರಾಗಿ ನಡೆಯುವುದಾಗಿ. ಮುಂದೆ ಆ ಕರಾವಳಿಯುದ್ದಕ್ಕೂ ಹದಿಮೂರು ವಸಾಹತುಗಳು ಬೆಳೆದವು. ದೊರೆ ಕಡಲಿನ ಆಚೆ ಇದ್ದನು. ಅವನ ಆಜ್ಞೆ ಹಡಗಿನಲ್ಲಿ ಬಂದು ತಲಪುವುದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಷ್ಟರಲ್ಲಿ ರಸ್ತೆ ಹಾಕುವುದು, ಶಾಲೆ ತೆರೆಯುವುದು, ಜಗಳ ತೀರಿಸುವುದು ಎಲ್ಲವನ್ನೂ ಜನ ತಾವೇ ನೋಡಿಕೊಳ್ಳಬೇಕಾಗಿತ್ತು. ಒಂದೂವರೆ ಶತಮಾನದ ಈ ಅಭ್ಯಾಸ ಅವರ ಸ್ವಭಾವವೇ ಆಯಿತು. ಆದುದರಿಂದ 1765ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಗದ ಪತ್ರಗಳ ಮೇಲೆ ಮುದ್ರಾಂಕದ ತೆರಿಗೆಯನ್ನು ಹೇರಿದಾಗ ಅವರು ಕೆರಳಿದ್ದು ತೆರಿಗೆಯ ಮೊತ್ತಕ್ಕಾಗಿ ಅಲ್ಲ. ತಮ್ಮ ಪ್ರತಿನಿಧಿಗಳೇ ಇಲ್ಲದ ಸಭೆಯೊಂದು ತಮ್ಮ ಕಿಸೆಗೆ ಕೈ ಹಾಕಿತಲ್ಲಾ ಎಂಬುದು ಅವರ ರೋಷಕ್ಕೆ ಕಾರಣ. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹ ಸಮುದ್ರದ ಪಾಲಾಯಿತು.

1776ರ ಜುಲೈ 4ರಂದು ವಸಾಹತುಗಳ ಪ್ರತಿನಿಧಿಗಳು ಸ್ವಾತಂತ್ರ್ಯದ ಘೋಷಣೆಯನ್ನು ಅಂಗೀಕರಿಸಿದರು. ತಾಮಸ್ ಜೆಫರ್‌ಸನ್ನನು ಬರೆದ ಆ ಪತ್ರದ ಹೆಚ್ಚಿನ ಭಾಗ ಮೂರನೆಯ ಜಾರ್ಜ್ ದೊರೆಯ ಅಪರಾಧಗಳ ಪಟ್ಟಿ. ಇತರ ನಾಡುಗಳು ತಮ್ಮ ಮೂಲವನ್ನು ಒಬ್ಬ ವೀರನ ಕಥೆಯಲ್ಲೋ ಒಂದು ರಾಜವಂಶದ ವೃತ್ತಾಂತದಲ್ಲೋ ಕಾಣುವುದುಂಟು. ಅಮೆರಿಕವಾದರೋ ಒಂದು ಸರಕಾರದ ಮೇಲೆ ಹೊರಿಸಿದ ಆರೋಪಪಟ್ಟಿಯಿಂದಲೇ ಹುಟ್ಟಿತು. ಆಳುವವರ ಅಧಿಕಾರಕ್ಕೆ ಆಳಿಸಿಕೊಳ್ಳುವವರ ಒಪ್ಪಿಗೆಯೇ ಬುಡ, ಆ ಅಧಿಕಾರವು ಜನರ ಹಕ್ಕುಗಳನ್ನು ನುಂಗತೊಡಗಿದರೆ ಅದನ್ನು ಬದಲಾಯಿಸುವ ಹಕ್ಕು ಜನರಿಗುಂಟು ಎಂಬ ತತ್ತ್ವವನ್ನು ಅಲ್ಲಿಯ ಮಕ್ಕಳು ಶಾಲೆಯಲ್ಲಿಯೇ ಕಲಿಯುತ್ತಾರೆ. ಸಂಶಯವು ಅವರಿಗೆ ದುರ್ಗುಣವಲ್ಲ, ಪಿತ್ರಾರ್ಜಿತವಾಗಿ ಬಂದ ಆಸ್ತಿ.

ದೊರೆಯನ್ನು ಕಳೆದುಕೊಂಡ ಮೇಲೆ ಅವರು ಮೊದಲು ಕಟ್ಟಿಕೊಂಡ ಕೇಂದ್ರ ವ್ಯವಸ್ಥೆ ತೀರ ಬಲಹೀನವಾಗಿತ್ತು. ಅದಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. 1786ರಲ್ಲಿ ಮ್ಯಾಸಚೂಸೆಟ್ಸಿನ ಸಾಲಗಾರ ರೈತರು ಆಯುಧ ಹಿಡಿದು ನ್ಯಾಯಾಲಯಗಳನ್ನು ಮುಚ್ಚಿಸತೊಡಗಿದಾಗ ಕೇಂದ್ರವು ಏನನ್ನೂ ಮಾಡಲಾರದೆ ಕುಳಿತಿತು. ಆಗ, 1787ರ ಬೇಸಗೆಯಲ್ಲಿ, ಫಿಲಡೆಲ್ಫಿಯ ನಗರದಲ್ಲಿ 55 ಮಂದಿ ಪ್ರತಿನಿಧಿಗಳು ಸೇರಿ ಹೊಸ ಸಂವಿಧಾನವನ್ನು ರಚಿಸಿದರು. ಕೊನೆಗೆ ಅದಕ್ಕೆ ಸಹಿ ಹಾಕಿದ ಪ್ರತಿನಿಧಿಗಳು 39 ಮಂದಿ. ಬಲವಾದ ಸರಕಾರವೂ ಬೇಕು, ಆ ಬಲ ಯಾರ ಕೈಯಲ್ಲಿಯೂ ಪೂರ್ತಿಯಾಗಿ ನಿಲ್ಲಕೂಡದು: ಇದು ಅವರ ಮುಂದಿದ್ದ ತೊಡಕು. ಕಾನೂನು ಮಾಡುವವರು ಒಬ್ಬರು, ನಡೆಸುವವನು ಇನ್ನೊಬ್ಬ, ವ್ಯಾಖ್ಯಾನಿಸುವವರು ಮತ್ತೊಬ್ಬರು. ಅಧ್ಯಕ್ಷನು ಶಾಸನವನ್ನು ತಡೆಯಬಲ್ಲನು; ಮೂರರಲ್ಲಿ ಎರಡು ಪಾಲು ಬಹುಮತದಿಂದ ಕಾಂಗ್ರೆಸ್ ಆ ತಡೆಯನ್ನು ಮೀರಬಲ್ಲುದು. ಗಡಿಯಾರದೊಳಗಣ ಚಕ್ರಗಳಂತೆ ಒಂದನ್ನೊಂದು ಹಿಡಿದು ನಿಲ್ಲಿಸುವ ಈ ಏರ್ಪಾಡಿನಿಂದ ಕೆಲಸ ನಿಧಾನವಾಗುವುದೆಂದು ಅವರಿಗೆ ಗೊತ್ತಿತ್ತು. ಅವರಿಗೆ ಬೇಕಾಗಿದ್ದುದೂ ಅದೇ.

ಇಷ್ಟಾದರೂ ಜನಕ್ಕೆ ತೃಪ್ತಿಯಾಗಲಿಲ್ಲ. ಹಕ್ಕುಗಳ ಪಟ್ಟಿಯೊಂದು ಬೇಕೆಂದು ಅನೇಕ ರಾಜ್ಯಗಳು ಹಟ ಹಿಡಿದವು. 1791ರಲ್ಲಿ ಹತ್ತು ತಿದ್ದುಪಡಿಗಳು ಸೇರಿದವು. ಅವುಗಳ ವಾಕ್ಯರಚನೆಯನ್ನು ಗಮನಿಸಬೇಕು. ಸರಕಾರವು ಪ್ರಜೆಗೆ ವಾಕ್‌ಸ್ವಾತಂತ್ರ್ಯವನ್ನು ‘ಕೊಡುತ್ತದೆ’ ಎಂಬ ಮಾತು ಅಲ್ಲಿಲ್ಲ. ಅದನ್ನು ಮೊಟಕುಮಾಡುವ ಕಾನೂನನ್ನು ‘ಮಾಡಕೂಡದು’ ಎಂಬ ಮಾತಿದೆ. ಹಕ್ಕು ಪ್ರಜೆಯಲ್ಲಿ ಮೊದಲೇ ಇದೆ, ಸರಕಾರ ಅದನ್ನು ಮುಟ್ಟದಿದ್ದರೆ ಸಾಕು ಎಂಬುದು ಇದರ ಭಾವ.

ಹೀಗೆ ಸರಕಾರದ ಮೇಲಣ ಸಂಶಯವೇ ಕಲ್ಲುಗಾರೆಯಾಗಿ ಕಟ್ಟಿದ ಮಂದಿರದಲ್ಲಿ ಜನ ಶ್ರದ್ಧೆಯಿಂದ ಕೈಮುಗಿದು ನಿಂತರು ಎಂಬುದು ಸೋಜಿಗ. ಸಂವಿಧಾನದ ಮೂಲ ಚರ್ಮಪತ್ರಗಳನ್ನು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಗಾಜಿನ ಅಡಿ ಇಟ್ಟಿದ್ದಾರೆ. ಅಕ್ಷರ ಮಾಸಿದೆ, ಬೆಳಕು ಮಂದವಾಗಿದೆ. ಆದರೂ ಸಂಸಾರ ಸಮೇತ ಬಂದು ಸಾಲುಗಟ್ಟಿ ನಿಂತು ನೋಡಿ ಹೋಗುವವರಿಗೆ ಕೊರತೆಯಿಲ್ಲ. 1791ರಲ್ಲಿ ಸೇರಿದ ಹತ್ತೂ ಸೇರಿ ಇದುವರೆಗೆ ಆದ ತಿದ್ದುಪಡಿಗಳು 27 ಮಾತ್ರ. 1963ರಲ್ಲಿ ಗೇಬ್ರಿಯಲ್ ಆಲ್ಮಂಡ್ ಮತ್ತು ಸಿಡ್ನಿ ವರ್ಬ ಎಂಬ ಇಬ್ಬರು ವಿದ್ವಾಂಸರು ಐದು ದೇಶಗಳ ಪ್ರಜೆಗಳನ್ನು ವಿಚಾರಿಸಿ ಬರೆದ ಗ್ರಂಥವೊಂದು ಪ್ರಕಟವಾಯಿತು. ನಿಮ್ಮ ದೇಶದಲ್ಲಿ ನೀವು ಹೆಮ್ಮೆಪಡುವುದು ಯಾವುದಕ್ಕೆ ಎಂದು ಅವರು ಕೇಳಿದ್ದರು. ತಮ್ಮ ರಾಜ್ಯವ್ಯವಸ್ಥೆಗೆ ಎಂದವರು ಬ್ರಿಟನ್ನಿನಲ್ಲಿ ಶೇಕಡ 46, ಮೆಕ್ಸಿಕೋದಲ್ಲಿ 30, ಪಶ್ಚಿಮ ಜರ್ಮನಿಯಲ್ಲಿ 7, ಇಟಲಿಯಲ್ಲಿ 3. ಅಮೆರಿಕದಲ್ಲಿ ಶೇಕಡ 85! ಇಟಲಿಯವನು ತನ್ನ ನಾಡಿನ ಚೆಲುವನ್ನೋ ಕಲೆಯನ್ನೋ ನೆನೆಯುವ ಕಡೆ ಅಮೆರಿಕದವನು ತನ್ನ ಸಂವಿಧಾನವನ್ನು ನೆನೆದನು.

ಈ ಶ್ರದ್ಧೆಗೂ ಒಂದು ಮೇರೆಯಿದೆ. ಶಾಲೆಗಳಲ್ಲಿ ಬೆಳಗ್ಗೆ ಮಕ್ಕಳು ರಾಷ್ಟ್ರಧ್ವಜಕ್ಕೆ ನಿಷ್ಠೆಯ ಪ್ರತಿಜ್ಞೆ ಹೇಳುವ ವಾಡಿಕೆ 1892ರಿಂದ ಬಂದಿದೆ. ವೆಸ್ಟ್ ವರ್ಜೀನಿಯ ರಾಜ್ಯದಲ್ಲಿ ಒಂದು ಕ್ರೈಸ್ತ ಪಂಥದ ಮಕ್ಕಳು, ದೇವರಿಗಲ್ಲದೆ ಬೇರೊಂದಕ್ಕೆ ವಂದಿಸುವುದು ತಮ್ಮ ಧರ್ಮಕ್ಕೆ ವಿರುದ್ಧವೆಂದು, ಧ್ವಜವಂದನೆಗೆ ಒಪ್ಪಲಿಲ್ಲ, ಶಾಲೆಯಿಂದ ಹೊರಗಾದರು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋಯಿತು. ಅದು ಎರಡನೆಯ ಮಹಾಯುದ್ಧದ ಕಾಲ. ದೇಶಭಕ್ತಿಯ ಆವೇಶ ಎಲ್ಲೆಲ್ಲೂ ತುಂಬಿತ್ತು. ಅಂಥ ಕಾಲದಲ್ಲಿ, 1943ರ ಜೂನ್ 14ರಂದು, ಯಾವ ಮಗುವಿನ ಬಾಯಿಂದಲೂ ಬಲಾತ್ಕಾರವಾಗಿ ಪ್ರತಿಜ್ಞೆ ಹೇಳಿಸಕೂಡದೆಂದು ನ್ಯಾಯಾಲಯ ತೀರ್ಪಿತ್ತಿತು. ಅಂದು ಆ ದೇಶದ ಧ್ವಜದಿನವೇ ಆಗಿದ್ದುದು ಇನ್ನೊಂದು ವಿಶೇಷ.

1831ರಲ್ಲಿ ಅಲೆಕ್ಸಿಸ್ ದ ಟಾಕ್‌ವಿಲ್ ಎಂಬ 25 ವರ್ಷದ ಫ್ರೆಂಚ್ ತರುಣನು ಸೆರೆಮನೆಗಳ ಅಧ್ಯಯನಕ್ಕೆಂದು ಅಮೆರಿಕಕ್ಕೆ ಬಂದನು. ಒಂಬತ್ತು ತಿಂಗಳು ಸುತ್ತಿದ ಅವನು ಸೆರೆಮನೆಗಳಿಗಿಂತ ಹೊರಗಿದ್ದವರನ್ನೇ ಹೆಚ್ಚು ಅಧ್ಯಯನ ಮಾಡಿದನೆನ್ನಬೇಕು. ಅವನಿಗೆ ಅಚ್ಚರಿಯಾದುದು ಜನ ಗುಂಪುಗೂಡುವ ಬಗೆ. ಆಸ್ಪತ್ರೆ ಬೇಕಾದರೆ, ಕುಡಿತವನ್ನು ನಿಲ್ಲಿಸಬೇಕಾದರೆ, ಚರ್ಚು ಕಟ್ಟಬೇಕಾದರೆ ಅವರು ಅಧಿಕಾರಿಯ ಮನೆಬಾಗಿಲಿಗೆ ಹೋಗುವ ಮೊದಲು ನೆರೆಹೊರೆಯವರನ್ನು ಕರೆದು ಸಂಘ ಕಟ್ಟುತ್ತಿದ್ದರು. ಈ ಸ್ವಭಾವ ಆಡಳಿತದ ರೂಪದಲ್ಲಿಯೂ ಉಳಿದಿದೆ. ಇಂದು ಆ ದೇಶದಲ್ಲಿ ಊರು, ನಗರ, ಕೌಂಟಿ, ಶಾಲಾ ಮಂಡಲಿ ಎಂದು ಸುಮಾರು 90,000 ಸ್ಥಳೀಯ ಸರಕಾರಗಳಿವೆ. ಸೊಳ್ಳೆಗಳ ನಿವಾರಣೆಗೆಂದೇ ತೆರಿಗೆ ಎತ್ತುವ ಮಂಡಲಿಗಳೂ ಇವುಗಳಲ್ಲಿ ಸೇರಿವೆ. ಚುನಾಯಿತರಾದ ಅಧಿಕಾರಿಗಳು ಎಲ್ಲ ಸೇರಿ ಐದು ಲಕ್ಷಕ್ಕೂ ಮೇಲೆ. ಸರಕಾರವನ್ನು ಸಂಶಯಿಸುವ ಜನಕ್ಕೆ ಇಷ್ಟೊಂದು ಸರಕಾರಗಳು! ಹತ್ತಿರವಿರುವುದು ಸರಕಾರವೆಂದೇ ಅವರಿಗೆ ತೋರುವುದಿಲ್ಲ ಎಂಬುದೇ ಇದಕ್ಕೆ ಉತ್ತರವಿರಬೇಕು.

ದೂರದ ಸರಕಾರದ ವಿಷಯದಲ್ಲಿಯೂ ಅವರ ಮನಸ್ಸು ಒಮ್ಮೆ ಕರಗಿತು. 1929ರ ಅನಂತರದ ಮಹಾಕುಸಿತದಲ್ಲಿ ದುಡಿಯುವವರ ಪೈಕಿ ಕಾಲುಭಾಗದಷ್ಟು ಜನಕ್ಕೆ ಕೆಲಸವಿಲ್ಲದಂತಾಯಿತು; ಬ್ಯಾಂಕುಗಳು ಒಂದರ ಮೇಲೊಂದು ಬಿದ್ದವು. 1933ರ ಮಾರ್ಚ್ ತಿಂಗಳಲ್ಲಿ ಅಧ್ಯಕ್ಷನಾದ ಫ್ರಾಂಕ್ಲಿನ್ ರೂಸ್‌ವೆಲ್ಟನು ಮೊದಲು ಎಲ್ಲ ಬ್ಯಾಂಕುಗಳನ್ನೂ ಮುಚ್ಚಿಸಿದನು. 12ನೆಯ ತಾರೀಖು ಭಾನುವಾರ ರಾತ್ರಿ ರೇಡಿಯೋದಲ್ಲಿ ಮಾತನಾಡಿ, ಬ್ಯಾಂಕೆಂದರೇನು, ಅಲ್ಲಿಟ್ಟ ಹಣ ಎಲ್ಲಿಗೆ ಹೋಗುತ್ತದೆ, ಯಾವ ಬ್ಯಾಂಕುಗಳನ್ನು ಏಕೆ ಮರಳಿ ತೆರೆಯುತ್ತಾರೆ ಎಂಬುದನ್ನು ಮನೆಯ ಹಿರಿಯನಂತೆ ಸರಳವಾಗಿ ತಿಳಿಯಹೇಳಿದನು. ಹಾಸಿಗೆಯ ಅಡಿಯಲ್ಲಿ ಬಚ್ಚಿಟ್ಟಿದ್ದ ಹಣವನ್ನು ಮರುದಿನವೇ ಜನ ಸಾಲಿನಲ್ಲಿ ನಿಂತು ಬ್ಯಾಂಕಿಗೆ ತಂದುಕೊಟ್ಟರು. ದೂರದ ಧ್ವನಿಯೊಂದು ಅಡುಗೆಮನೆಯೊಳಕ್ಕೆ ಬಂದು ಹತ್ತಿರದ್ದಾಯಿತು. 1935ರಲ್ಲಿ ವೃದ್ಧರ ಪಿಂಚಣಿಯ ಕಾನೂನು ಬಂತು, 1965ರಲ್ಲಿ ‘ಮೆಡಿಕೇರ್’ ಎಂಬ ವೃದ್ಧರ ವೈದ್ಯಸಹಾಯ. ಇವು ಬದುಕಿನಲ್ಲಿ ಎಷ್ಟು ಬೆರೆತುಹೋದವೆಂದರೆ, 2009ರಲ್ಲಿ ದಕ್ಷಿಣ ಕೆರೊಲಿನಾದ ಸಭೆಯೊಂದರಲ್ಲಿ ಒಬ್ಬನು ಎದ್ದು, ತನ್ನ ಮೆಡಿಕೇರ್ ತಂಟೆಗೆ ಸರಕಾರ ಬರಕೂಡದೆಂದು ತನ್ನ ಪ್ರತಿನಿಧಿಗೆ ಎಚ್ಚರಿಕೆ ಕೊಟ್ಟನು. ಅದನ್ನು ನಡೆಸುತ್ತಿರುವುದೇ ಸರಕಾರವೆಂದು ಪ್ರತಿನಿಧಿ ಎಷ್ಟು ಹೇಳಿದರೂ ಅವನಿಗೆ ಒಪ್ಪಿಗೆಯಾಗಲಿಲ್ಲ. ನಕ್ಕುಬಿಡುವುದು ಸುಲಭ. ತನಗೆ ಒದಗಿಬಂದುದನ್ನು ಯಾರೂ ಸರಕಾರವೆಂದು ಎಣಿಸುವುದಿಲ್ಲ, ತನ್ನನ್ನು ತಡೆದುದನ್ನು ಮಾತ್ರ ಎಣಿಸುತ್ತಾರೆ. ಇದು ಅಮೆರಿಕಕ್ಕೆ ಮಾತ್ರ ಮೀಸಲಾದ ದೌರ್ಬಲ್ಯವಲ್ಲ.

ವಾಷಿಂಗ್ಟನ್ನಿನ ಸರಕಾರವು ಬಹುಮಟ್ಟಿಗೆ ಸರಿಯಾದುದನ್ನೇ ಮಾಡುತ್ತದೆಂದು ನಂಬುವಿರಾ ಎಂಬ ಪ್ರಶ್ನೆಯನ್ನು 1958ರಿಂದ ಮತ್ತೆ ಮತ್ತೆ ಕೇಳುತ್ತ ಬಂದಿದ್ದಾರೆ. ಆಗ ನಾಲ್ವರಲ್ಲಿ ಮೂವರು ಹೌದೆಂದಿದ್ದರು, 1964ರಲ್ಲಿಯೂ ಹಾಗೆಯೇ. ಅನಂತರ ವಿಯಟ್ನಾಂ ಯುದ್ಧ ಬಂತು. ಆ ಯುದ್ಧದ ಬಗ್ಗೆ ಸರಕಾರ ತಮಗೆ ಹೇಳಿದ್ದು ಒಂದು, ತಾನು ತಿಳಿದಿದ್ದುದು ಇನ್ನೊಂದು ಎಂಬುದು 1971ರಲ್ಲಿ ರಹಸ್ಯ ಪತ್ರಗಳು ಪತ್ರಿಕೆಗಳಲ್ಲಿ ಪ್ರಕಟವಾದಾಗ ಜನಕ್ಕೆ ಗೊತ್ತಾಯಿತು. ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿದ ಅಧ್ಯಕ್ಷ ರಿಚರ್ಡ್ ನಿಕ್ಸನ್ 1974ರ ಆಗಸ್ಟ್ 9ರಂದು ಪದವಿಯನ್ನು ಬಿಟ್ಟನು. 1981ರಲ್ಲಿ ರೊನಾಲ್ಡ್ ರೇಗನ್ ತನ್ನ ಪದಗ್ರಹಣದ ಭಾಷಣದಲ್ಲಿಯೇ, ಆಗಿನ ಸಂಕಷ್ಟಕ್ಕೆ ಸರಕಾರವೇ ಕಾರಣವೆಂಬ ಅರ್ಥದ ಮಾತನಾಡಿದನು. ಸರಕಾರದ ಮುಖ್ಯಸ್ಥನೇ ಹಾಗೆಂದಾಗ ಜನ ಮೆಚ್ಚಿದರು. 2001ರ ಸೆಪ್ಟೆಂಬರಿನ ದಾಳಿಯ ಅನಂತರ ಕೆಲವು ಕಾಲ ವಿಶ್ವಾಸ ಮೇಲೆದ್ದಿತು, ಮತ್ತೆ ಕುಸಿಯಿತು. ಇತ್ತೀಚಿನ ವರ್ಷಗಳಲ್ಲಿ ಹೌದೆನ್ನುವವರು ಐವರಲ್ಲಿ ಒಬ್ಬನ ಆಸುಪಾಸು. ತಮ್ಮ ಪಕ್ಷ ಗೆದ್ದಾಗ ವಿಶ್ವಾಸ ಏರುವುದೂ ಸೋತಾಗ ಇಳಿಯುವುದೂ ಉಂಟು. ಊರಿನ ಆಡಳಿತದ ಮೇಲಣ ವಿಶ್ವಾಸ ಮಾತ್ರ ಇಷ್ಟು ಕುಗ್ಗಿಲ್ಲ.

ಇಷ್ಟು ಹೊತ್ತೂ ನಾವು ‘ಜನ’ ಎಂಬ ಮಾತನ್ನು ಸಲೀಸಾಗಿ ಬಳಸುತ್ತ ಬಂದೆವು. ಆ ಜನ ಯಾರು? ಎಲ್ಲ ಮನುಷ್ಯರೂ ಸಮಾನರೆಂದು ಬರೆದ ಜೆಫರ್‌ಸನ್ನನು ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಮಂದಿಯನ್ನು ಗುಲಾಮಗಿರಿಯಲ್ಲಿ ಇಟ್ಟುಕೊಂಡಿದ್ದನು. ಆ ನೆಲದ ಮೂಲನಿವಾಸಿಗಳೆಲ್ಲರಿಗೂ ಪೌರತ್ವ ದೊರೆತದ್ದು 1924ರಲ್ಲಿ. 1872ರ ಚುನಾವಣೆಯಲ್ಲಿ ಸೂಸನ್ ಆಂಟನಿ ಎಂಬ ಮಹಿಳೆ ಮತ ಹಾಕಿದ ಅಪರಾಧಕ್ಕಾಗಿ ಬಂಧನಕ್ಕೆ ಒಳಗಾದಳು. ನ್ಯಾಯಾಲಯ ವಿಧಿಸಿದ 100 ಡಾಲರ್ ದಂಡವನ್ನು ಆಕೆ ಕೊನೆಯವರೆಗೂ ತೆರಲಿಲ್ಲ. ಸ್ತ್ರೀಯರಿಗೆ ಮತಾಧಿಕಾರವನ್ನು ಸಂವಿಧಾನ ಮನ್ನಿಸಿದ್ದು 1920ರಲ್ಲಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮಹಾ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್‌ನನ್ನು 1852ರಲ್ಲಿ ಸ್ವಾತಂತ್ರ್ಯೋತ್ಸವದ ಭಾಷಣಕ್ಕೆ ಕರೆದಾಗ, ಈ ಹಬ್ಬ ನಿಮ್ಮದು, ನನ್ನದಲ್ಲ ಎಂದು ಅವನು ಸಭೆಯ ಮುಖಕ್ಕೆ ಹೇಳಿದನು. ಗಮನಿಸಬೇಕಾದುದೆಂದರೆ, ಅದೇ ಭಾಷಣದಲ್ಲಿ ಅವನು ಸಂವಿಧಾನವನ್ನು ತಿರಸ್ಕರಿಸಲಿಲ್ಲ. ಸರಿಯಾಗಿ ಓದಿದರೆ ಅದು ಸ್ವಾತಂತ್ರ್ಯದ ಪತ್ರವೇ ಎಂದು ವಾದಿಸಿದನು. ನನಗೆ ತೋರುವಂತೆ, ಆ ಪತ್ರವನ್ನು ಅತ್ಯಂತ ಗಂಭೀರವಾಗಿ ನಂಬಿದವರು ಅದನ್ನು ಬರೆದವರಲ್ಲ, ಅದರಿಂದ ಹೊರಗುಳಿದವರು.

ಸಂವಿಧಾನ ರಚನೆಯಲ್ಲಿ ಮುಖ್ಯ ಪಾತ್ರ ವಹಿಸಿದ ಜೇಮ್ಸ್ ಮ್ಯಾಡಿಸನ್ನನಿಗೆ ಒಂದು ಭಯವಿತ್ತು. ಚಿಕ್ಕ ಸಮಾಜದಲ್ಲಿ ಬಹುಸಂಖ್ಯಾತರು ಒಂದಾಗಿ ಉಳಿದವರನ್ನು ತುಳಿಯುವುದು ಸುಲಭ. ವಿಸ್ತಾರವಾದ ರಾಷ್ಟ್ರದಲ್ಲಿ ಅದು ಕಷ್ಟ ಎಂದು ಅವನು ಬಗೆದಿದ್ದನು. ಹೀಗೆ ಬಗೆದ ಅವನೇ ಗುಲಾಮರ ಒಡೆಯನೂ ಆಗಿದ್ದನು. 1861ರಿಂದ 1865ರ ವರೆಗಿನ ಅಂತರ್ಯುದ್ಧದ ಕೊನೆಗೆ ಗುಲಾಮಗಿರಿ ಅಳಿಯಿತು, ಕಪ್ಪು ಜನಾಂಗದ ಗಂಡಸರಿಗೆ ಮತದ ಹಕ್ಕು ಕಾಗದದ ಮೇಲೆ ಬಂತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಅದನ್ನು ಕಸಿದುಕೊಂಡವರು ಯಾರು? ದೂರದ ದೊರೆಯಲ್ಲ. ಹೆಸರು ನೋಂದಾಯಿಸುವ ಊರಿನ ಗುಮಾಸ್ತ, ಊರಿನವರೇ ಆರಿಸಿದ ಪೋಲೀಸು ಅಧಿಕಾರಿ, ಊರಿನ ಶಾಲಾ ಮಂಡಲಿ. ಮಿಸಿಸಿಪ್ಪಿಯಲ್ಲಿ ಹೆಸರು ಬರೆಸಲು ಬಂದವನು ರಾಜ್ಯ ಸಂವಿಧಾನದ ಒಂದು ಭಾಗವನ್ನು ಅರ್ಥೈಸಿ ತೋರಿಸಬೇಕಾಗಿತ್ತು. ಅರ್ಥ ಸರಿಯೋ ತಪ್ಪೋ ಎಂಬುದನ್ನು ನಿರ್ಣಯಿಸುವವನು ಆ ಗುಮಾಸ್ತನೇ. ದೂರದ ಸರಕಾರ ನಮ್ಮ ವಿಷಯದಲ್ಲಿ ತಲೆಹಾಕಕೂಡದು ಎಂಬ 1776ರ ಮಾತು ಇಲ್ಲಿ ಅನ್ಯಾಯಕ್ಕೆ ಹೊದಿಕೆಯಾಯಿತು.

ಆರ್ಕನ್ಸಾ ರಾಜ್ಯದ ಲಿಟಲ್ ರಾಕ್ ನಗರದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಬಯಲಾಯಿತು. ಬಣ್ಣದ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿಡುವುದು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ಹೇಳಿತ್ತು. 1957ರಲ್ಲಿ ಕಪ್ಪು ಜನಾಂಗದ ಒಂಬತ್ತು ಮಂದಿ ವಿದ್ಯಾರ್ಥಿಗಳು ಅಲ್ಲಿಯ ಸೆಂಟ್ರಲ್ ಹೈಸ್ಕೂಲಿಗೆ ಸೇರುವುದೆಂದು ನಿಶ್ಚಯವಾಯಿತು. ಆ ರಾಜ್ಯದ ಗವರ್ನರನು ಶಾಂತಿರಕ್ಷಣೆಯ ನೆಪದಲ್ಲಿ ಸಶಸ್ತ್ರ ರಾಜ್ಯದಳವನ್ನು ಶಾಲೆಯ ಮುಂದೆ ನಿಲ್ಲಿಸಿದನು. (ಅಲ್ಲಿಯ ಗವರ್ನರನು ನಮ್ಮ ರಾಜ್ಯಪಾಲರಂತೆ ನೇಮಕಗೊಂಡವನಲ್ಲ, ಜನರೇ ಆರಿಸಿದ ಆಡಳಿತಗಾರ.) ಸೆಪ್ಟೆಂಬರ್ 4ರ ಬೆಳಗ್ಗೆ ಒಂಬತ್ತು ಮಂದಿಯೂ ಒಟ್ಟಿಗೆ ಹೋಗುವುದೆಂದು ಹಿಂದಿನ ರಾತ್ರಿ ಏರ್ಪಾಡಾಗಿತ್ತು. ಎಲಿಜಬೆತ್ ಎಕ್‌ಫರ್ಡ್ ಎಂಬ 15 ವರ್ಷದ ಹುಡುಗಿಯ ಮನೆಯಲ್ಲಿ ಟೆಲಿಫೋನು ಇರಲಿಲ್ಲ, ಸುದ್ದಿ ತಲಪಲಿಲ್ಲ. ಮನೆಯಲ್ಲಿಯೇ ಹೊಲಿದ ಹೊಸ ಉಡುಪನ್ನು ತೊಟ್ಟು, ಪುಸ್ತಕವನ್ನು ಹಿಡಿದು, ಆಕೆ ಒಬ್ಬಳೇ ಬಸ್ಸಿನಿಂದ ಇಳಿದಳು. ಬಿಳಿಯ ವಿದ್ಯಾರ್ಥಿಗಳಿಗೆ ದಾರಿಬಿಟ್ಟ ಸೈನಿಕರು ಈಕೆ ಬಂದಾಗ ಬಂದೂಕುಗಳನ್ನು ಅಡ್ಡ ಹಿಡಿದರು. ಹಿಂದೆ ಕೂಗಾಡುವ ಗುಂಪು. ತಲೆ ಎತ್ತಿಯೇ ನಡೆದು ಆಕೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತಳು. ಒಬ್ಬ ಪತ್ರಕರ್ತನೂ ಒಬ್ಬ ಬಿಳಿಯ ಹೆಂಗಸೂ ಹತ್ತಿರ ಬಂದು ಧೈರ್ಯ ಹೇಳಿದರು. ಆ ಹೆಂಗಸು ಬಸ್ಸು ಹತ್ತಿಸಿ ಜೊತೆಯಲ್ಲಿ ಹೋದಳು.

ಮೂರು ವಾರಗಳಾದ ಮೇಲೆ ಅಧ್ಯಕ್ಷ ಐಸೆನ್‌ಹೋವರನು, ಬಹಳ ಹಿಂದುಮುಂದು ನೋಡಿದ ಅನಂತರವೇ, ರಾಷ್ಟ್ರೀಯ ಸೇನೆಯ 101ನೆಯ ವಾಯುವಾಹಿತ ಪಡೆಯ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳುಹಿಸಿದನು. ಸೆಪ್ಟೆಂಬರ್ 25ರಂದು ಅವರ ಕಾವಲಿನಲ್ಲಿ ಒಂಬತ್ತು ಮಕ್ಕಳೂ ಮುಂಬಾಗಿಲಿನಿಂದ ಶಾಲೆಯನ್ನು ಹೊಕ್ಕರು. ಊರಿನ ಅನೇಕ ಬಿಳಿಯರ ಕಣ್ಣಿಗೆ ಅದು ಪರರಾಜ್ಯದ ಆಕ್ರಮಣದಂತೆ ತೋರಿತು. ಆ ಮಕ್ಕಳ ತಾಯ್ತಂದೆಯರಿಗೆ, ಸಂವಿಧಾನವು ತಮ್ಮ ಬೀದಿಗೆ ಮೊದಲ ಸಲ ಬಂದು ನಿಂತಂತೆ ಕಂಡಿರಬೇಕು. 1958ರ ಮೇ ತಿಂಗಳಲ್ಲಿ ಆ ಒಂಬತ್ತು ಮಂದಿಯಲ್ಲಿ ಒಬ್ಬನಾದ ಅರ್ನೆಸ್ಟ್ ಗ್ರೀನ್ ಸುಮಾರು ಆರುನೂರು ಮಂದಿಯ ತರಗತಿಯಲ್ಲಿ ಒಬ್ಬನೇ ಕಪ್ಪು ವಿದ್ಯಾರ್ಥಿಯಾಗಿ ತೇರ್ಗಡೆ ಹೊಂದಿದನು. ಇತರರ ಹೆಸರು ಕೂಗಿದಾಗ ಬಂದ ಚಪ್ಪಾಳೆ ಅವನ ಹೆಸರು ಬಂದಾಗ ನಿಂತುಹೋಯಿತು. ಸಭಿಕರ ನಡುವೆ ಮಾರ್ಟಿನ್ ಲೂಥರ್ ಕಿಂಗ್ ಕುಳಿತಿದ್ದನು.

ಕಿಂಗ್ ನಡೆಸಿದ ಹೋರಾಟದಲ್ಲಿ ನಮ್ಮ ದೇಶದ ಎಳೆಯೊಂದು ಸೇರಿದೆ. 1846ರಲ್ಲಿ ಹೆನ್ರಿ ಥೋರೋ ಎಂಬ ಲೇಖಕನು ಗುಲಾಮಗಿರಿಯನ್ನು ಪೋಷಿಸುವ ಸರಕಾರಕ್ಕೆ ತೆರಿಗೆ ಕೊಡಲೊಲ್ಲೆನೆಂದು ಒಂದು ರಾತ್ರಿ ಸೆರೆಯಲ್ಲಿ ಕಳೆದನು. ಆ ವಿಷಯವಾಗಿ ಅವನು ಬರೆದ ಪ್ರಬಂಧವನ್ನು ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿ ಓದಿ ಮೆಚ್ಚಿದರು. ಗಾಂಧೀಜಿಯ ಸತ್ಯಾಗ್ರಹವನ್ನು ಕಿಂಗ್ ಅಭ್ಯಾಸ ಮಾಡಿ, 1959ರಲ್ಲಿ ಭಾರತಕ್ಕೂ ಬಂದು ಹೋದನು. ಹೀಗೆ ಸಮುದ್ರ ದಾಟಿ ಹೋದ ಸಂಶಯ ಶಿಸ್ತನ್ನು ಕಲಿತು ಮರಳಿತು. 1965ರ ಮಾರ್ಚ್ 7ರಂದು ಸೆಲ್ಮ ಎಂಬ ಊರಿನ ಸೇತುವೆಯ ಬಳಿ, ಮತದ ಹಕ್ಕಿಗಾಗಿ ನಿರಾಯುಧರಾಗಿ ನಡೆದುಬಂದವರನ್ನು ಪೋಲೀಸರು ದೊಣ್ಣೆಗಳಿಂದ ಹೊಡೆದರು. ಆ ದೃಶ್ಯವನ್ನು ದೇಶವೆಲ್ಲ ಟೆಲಿವಿಷನ್ನಿನಲ್ಲಿ ನೋಡಿತು. ಆಗಸ್ಟ್ 6ರಂದು ಮತದಾನದ ಹಕ್ಕುಗಳ ಕಾನೂನು ಜಾರಿಗೆ ಬಂತು. ಮಿಸಿಸಿಪ್ಪಿಯಲ್ಲಿ ನೋಂದಾಯಿತರಾಗಿದ್ದ ಕಪ್ಪು ಜನಾಂಗದ ಮತದಾರರು ಅದುವರೆಗೆ ಶೇಕಡ 7ರಷ್ಟೂ ಇರಲಿಲ್ಲ. ಎರಡು ಮೂರು ವರ್ಷಗಳಲ್ಲಿ ಶೇಕಡ 60ರ ಹತ್ತಿರಕ್ಕೆ ಏರಿದರು. ಕಾನೂನಿನ ಮುಖ್ಯ ಭಾಗವೊಂದನ್ನು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಬದಿಗೊತ್ತಿತು. ರಾಜ್ಯಗಳ ಮೇಲೆ ಕೇಂದ್ರದ ಕಣ್ಣು ಎಷ್ಟಿರಬೇಕೆಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ.

ಮತ ಹಾಕುವುದು ಒಂದು, ಎಣಿಸುವುದು ಇನ್ನೊಂದು. ಅಮೆರಿಕದಲ್ಲಿ ಚುನಾವಣೆಯನ್ನು ನಡೆಸುವುದು ಕೇಂದ್ರವಲ್ಲ. ಸಾವಿರಾರು ಕೌಂಟಿಗಳೂ ಊರುಗಳೂ ನಡೆಸುತ್ತವೆ. ಮತಗಟ್ಟೆಯಲ್ಲಿ ಕುಳಿತು ಹೆಸರು ಪರಿಶೀಲಿಸುವವರು ನಿವೃತ್ತ ಉಪಾಧ್ಯಾಯಿನಿಯರು, ಅಂಗಡಿಯವರು, ನೆರೆಹೊರೆಯವರು. ದೂರದವರನ್ನು ಎಷ್ಟೇ ಸಂಶಯಿಸಿದರೂ ಈ ನೆರೆಯವರು ಎಣಿಸಿದ ಮತವನ್ನು ಸೋತವರೂ ಒಪ್ಪಿಕೊಳ್ಳುತ್ತಿದ್ದರು. ಒಂದು ಪಕ್ಷದ ಅಧ್ಯಕ್ಷನು ಇನ್ನೊಂದು ಪಕ್ಷದವನಿಗೆ ಅಧಿಕಾರವನ್ನು ಶಾಂತವಾಗಿ ಬಿಟ್ಟುಕೊಟ್ಟ ಮೊದಲ ನಿದರ್ಶನ 1801ರದು. 2020ರ ಚುನಾವಣೆಯಲ್ಲಿ ಸೋತ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಮತ್ತು ಅವನ ಬೆಂಬಲಿಗರು ಎಣಿಕೆಯಲ್ಲಿ ಮೋಸವಾಗಿದೆಯೆಂದರು. ಜಾರ್ಜಿಯ ರಾಜ್ಯದಲ್ಲಿ ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಿಂದಲೇ ಮರಳಿ ಎಣಿಸಲಾಯಿತು, ಫಲಿತಾಂಶ ಬದಲಾಗಲಿಲ್ಲ. ನ್ಯಾಯಾಲಯಗಳಲ್ಲಿ ಹೂಡಿದ ಹತ್ತಾರು ದಾವೆಗಳು ಬಹುಮಟ್ಟಿಗೆ ಬಿದ್ದುಹೋದವು. ಆದರೆ ಸಂಶಯವು ಈ ಸಲ ವಾಷಿಂಗ್ಟನ್ನಿನಲ್ಲಿ ನಿಲ್ಲದೆ ಮತಗಟ್ಟೆಯ ಮೇಜಿನವರೆಗೆ ಇಳಿದಿತ್ತು. ಎಣಿಸಿದವರ ಮನೆಗಳಿಗೆ ಬೆದರಿಕೆಯ ಕರೆಗಳು ಬಂದವು.

2021ರ ಜನವರಿ 6ರಂದು ರಾಜ್ಯಗಳಿಂದ ಬಂದ ಮತಗಳನ್ನು ಎಣಿಸಿ ಸಾರಲು ಕಾಂಗ್ರೆಸ್ಸಿನ ಎರಡೂ ಸದನಗಳು ಸೇರಿದ್ದವು. ಮಧ್ಯಾಹ್ನ ಸಾವಿರಾರು ಮಂದಿಯ ಗುಂಪು ಸಂಸದ್ ಭವನಕ್ಕೆ ನುಗ್ಗಿತು. ಅವರಲ್ಲಿ ಅನೇಕರು 1776ರ ಹೆಸರನ್ನು ಕೂಗುತ್ತಿದ್ದರು; ತಾವು ಸಂವಿಧಾನವನ್ನು ಉಳಿಸಲು ಬಂದವರೆಂದೇ ಅವರ ನಂಬಿಕೆ. ಸದಸ್ಯರು ಪ್ರಾಣಭಯದಿಂದ ಓಡಿದರು. ಸೆನೆಟ್ಟಿನ ಸಿಬ್ಬಂದಿಯ ಕೆಲವರು ಆ ಗಡಿಬಿಡಿಯಲ್ಲಿಯೂ ರಾಜ್ಯಗಳ ಮತಪತ್ರಗಳನ್ನಿಟ್ಟಿದ್ದ ಮರದ ಪೆಟ್ಟಿಗೆಗಳನ್ನು ಮರೆಯದೆ ಎತ್ತಿಕೊಂಡು ಹೋದರು. ರಾತ್ರಿ ಎಂಟರ ಸುಮಾರಿಗೆ ಸಭೆ ಮತ್ತೆ ಸೇರಿತು. ಒಡೆದ ಗಾಜು ಇನ್ನೂ ನೆಲದ ಮೇಲೆ ಬಿದ್ದಿತ್ತು. ಪೆಟ್ಟಿಗೆಗಳನ್ನು ತಂದು ಮೇಜಿನ ಮೇಲಿಟ್ಟರು. ಒಂದೊಂದೇ ರಾಜ್ಯದ ಹೆಸರನ್ನು ಕೂಗಿ ಲೆಕ್ಕ ಓದುತ್ತ ಹೋದರು. ಮರುದಿನ ಬೆಳಗಿನ ಜಾವ ಮೂರೂವರೆ ಕಳೆದ ಮೇಲೆ ಎಣಿಕೆ ಮುಗಿಯಿತು.